‘ನ್ಯಾನೋ’ ಅಂದರೆ ಸಾಲದು, ಎಷ್ಟು ನ್ಯಾನೋ ಅಂತ ಹೇಳಿ

ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಿಂದ ನಾವು ಮಾತಾಡ್ತಾ ಇದ್ದೀವಿ. ಇವತ್ತು ಅತಿಥಿ ಇಲ್ಲ, ಸಂದರ್ಶನ ಇಲ್ಲ. ಇದು ಅಭಿಪ್ರಾಯದ ಸಂಚಿಕೆ. ಒಂದು ವಿಷಯದ ಬಗ್ಗೆ ನಮಗೆ ಏನನ್ನಿಸುತ್ತೆ, ಯಾಕೆ ಹಾಗನ್ನಿಸುತ್ತೆ ಅಂತ ನೇರವಾಗಿ ಹೇಳ್ತೀವಿ. ಒಪ್ಪೋದು ಬಿಡೋದು ನಿಮಗೆ ಸೇರಿದ್ದು.

ನಮ್ಮ ಮಾತು ಇಷ್ಟೇ. ಯಾವುದೇ ವಸ್ತುವಿನ ಮೇಲೆ ‘ನ್ಯಾನೋ’ ಅಂತ ಬರೆದರೆ, ಪಕ್ಕದಲ್ಲಿ ಅಳತೆ ಇರಬೇಕು, ಆಕಾರ ಇರಬೇಕು, ಮೇಲ್ಮೈ ಏನು ಅಂತ ಇರಬೇಕು. ಅವಿಲ್ಲದಿದ್ದರೆ ಆ ಪದ ನಮಗೆ ಏನನ್ನೂ ಹೇಳೋದಿಲ್ಲ. ಭರವಸೆ ಕೊಡೋಕೂ ಅದು ಸಾಲದು, ಹೆದರಿಸೋಕೂ ಸಾಲದು. ಹೀಗೆ ಹೇಳೋಕೆ ನಮಗೆ ಧೈರ್ಯ ಕೊಟ್ಟಿರೋದು ಒಂದು ಸಣ್ಣ ಪ್ರಶ್ನೆ: ಕೊಬ್ಬಿನ ಒಂದು ತೆಳು ಪೊರೆ ಉಬ್ಬುತಗ್ಗಿನ ಗಾಜಿನ ಮೇಲೆ ಹೇಗೆ ಹರಡುತ್ತೆ? ಕೇಳೋಕೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. ಸ್ವಲ್ಪ ಸಮಾಧಾನವಾಗಿ ಕೇಳಿ.

ಮೊದಲು ಪೊರೆ ಅಂದ್ರೆ ಏನು ಅಂತ ನೋಡೋಣ. 1774ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಲಂಡನ್ನಿನ ಕ್ಲ್ಯಾಫಮ್ ಕೊಳದಲ್ಲಿ ಒಂದು ಚಿಕ್ಕ ಚಮಚ ಎಣ್ಣೆ ಸುರಿದಾಗ ಅದು ತಾನೇ ಹರಡುತ್ತಾ ಹೋಗಿ ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯ ಹಾಗೆ ನಯ ಮಾಡಿತಂತೆ. ಅರ್ಧ ಎಕರೆ ಅಂದ್ರೆ ನಮ್ಮ ಲೆಕ್ಕದಲ್ಲಿ 20 ಗುಂಟೆ, ಹತ್ತಿರ ಹತ್ತಿರ 2000 ಚದರ ಮೀಟರ್. 5 ಮಿಲಿಲೀಟರ್ ಎಣ್ಣೆಯನ್ನು ಅಷ್ಟು ಜಾಗಕ್ಕೆ ಹಂಚಿದರೆ ದಪ್ಪ ಎಷ್ಟಾಯಿತು? ಸುಮಾರು ಎರಡೂವರೆ ನ್ಯಾನೋಮೀಟರ್. ಅಂದ್ರೆ ಒಂದೇ ಒಂದು ಅಣುವಿನ ಎತ್ತರ. ಈ ಭಾಗಾಕಾರವನ್ನು ಫ್ರಾಂಕ್ಲಿನ್ ಮಾಡಲಿಲ್ಲ. ಮಾಡಿದ್ದರೆ ಅಣುವಿನ ಅಳತೆ ಅವತ್ತೇ ಅವರ ಕೈಯಲ್ಲಿರುತ್ತಿತ್ತು.

ನಮ್ಮ ಜೀವಕೋಶದ ಹೊರಪೊರೆಯಲ್ಲಿ ಇಂಥ ಪದರ ಒಂದಲ್ಲ, ಎರಡು. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಇಬ್ಬರು ಡಚ್ ಸಂಶೋಧಕರು ಕೆಂಪು ರಕ್ತಕಣಗಳ ಲಿಪಿಡ್ಡನ್ನು ತೆಗೆದು ನೀರಿನ ಮೇಲೆ ಹರಡಿದರು. ಅದು ಆವರಿಸಿದ ಜಾಗ ಕಣಗಳ ಮೇಲ್ಮೈಗಿಂತ ಎರಡು ಪಟ್ಟಿತ್ತು. ನೀರನ್ನು ಇಷ್ಟಪಡುವ ತಲೆಗಳು ಹೊರಗೆ, ನೀರನ್ನು ದ್ವೇಷಿಸುವ ಎಣ್ಣೆಯ ಬಾಲಗಳು ಒಳಗೆ, ಹೀಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಪದರ. ಒಟ್ಟು ದಪ್ಪ ಸುಮಾರು 5 ನ್ಯಾನೋಮೀಟರ್. ನಮ್ಮ ಒಳಗಿನ ಜೀವಕ್ಕೂ ಹೊರಗಿನ ಜಗತ್ತಿಗೂ ನಡುವೆ ಇರೋದು ಇಷ್ಟೇ ಗೋಡೆ. ಈ ಗೋಡೆ ಗಟ್ಟಿ ಅಲ್ಲ, ದ್ರವ. ಪಕ್ಕಪಕ್ಕದ ಅಣುಗಳು ಸಂತೆಯಲ್ಲಿ ಜನ ಸರಿದಾಡುವ ಹಾಗೆ ಸದಾ ಜಾಗ ಬದಲಾಯಿಸ್ತಾನೇ ಇರ್ತವೆ.

ಜೀವಂತ ಕೋಶದ ಪೊರೆಯಲ್ಲಿ ಪ್ರೋಟೀನು, ಸಕ್ಕರೆ, ಒಳಗಿನ ಎಳೆಗಳ ಬಲೆ ಎಲ್ಲ ಸೇರಿಕೊಂಡು ಗದ್ದಲ. ಹಾಗಾಗಿ ಬರಿಯ ಪೊರೆಯನ್ನು ಓದೋಕೆ ಸಂಶೋಧಕರು ಒಂದು ಉಪಾಯ ಹುಡುಕಿದರು. 1984ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರಿಯಾನ್ ಮತ್ತು ಹಾರ್ಡನ್ ಮೆಕಾನೆಲ್, ಲಿಪಿಡ್ಡಿನ ಪುಟ್ಟ ಗುಳ್ಳೆಗಳನ್ನು ನೀರಿನಲ್ಲಿ ತೇಲಿಸಿ ಶುದ್ಧ ಗಾಜಿನ ಮೇಲೆ ಬಿಟ್ಟರು. ಗುಳ್ಳೆಗಳು ಗಾಜಿಗೆ ಅಂಟಿ, ಒಡೆದು, ಒಂದಕ್ಕೊಂದು ಬೆಸೆದುಕೊಂಡು ಹಾಳೆಯಾಗಿ ಹರಡಿದವು. ಗಾಜಿಗೂ ಪೊರೆಗೂ ಮಧ್ಯೆ ಒಂದೆರಡು ನ್ಯಾನೋಮೀಟರ್ ನೀರು ಉಳಿಯುತ್ತೆ. ಆ ನೀರೇ ಜಾರುಬಂಡೆ. ಅದಿರೋದರಿಂದಲೇ ಗಾಜಿನ ಮೇಲೆ ಕೂತ ಪೊರೆಯೂ ದ್ರವವಾಗೇ ಇರುತ್ತೆ. ಇನ್ನೊಂದು ವಿಧಾನವೂ ಇದೆ. ಗಾಜಿನ ಮೇಲೆ ಲಿಪಿಡ್ಡಿನ ಒಂದು ಚಿಕ್ಕ ಮುದ್ದೆ ಇಟ್ಟು ನೀರು ಹಾಕಿದರೆ, ಮುದ್ದೆಯ ಅಂಚಿನಿಂದ ಪೊರೆ ತಾನಾಗೇ ತೆವಳಿಕೊಂಡು ಹೊರಡುತ್ತೆ. ಜರ್ಮನಿಯಲ್ಲಿ ರೇಡ್ಲರ್, ಸ್ಟ್ರೇ, ಸಾಕ್ಮನ್ 1995ರಲ್ಲಿ ಈ ಹರಡುವಿಕೆಯನ್ನು ವಿವರವಾಗಿ ದಾಖಲಿಸಿದರು. ದೋಸೆ ಹಿಟ್ಟನ್ನು ಸೌಟಿನಿಂದ ನಾವು ಹರಡಬೇಕು. ಇದು ಸೌಟಿಲ್ಲದ ದೋಸೆ. ಗಾಜಿಗೆ ಅಂಟಿಕೊಂಡರೆ ಸಿಗುವ ಶಕ್ತಿಯ ಲಾಭವೇ ಅದನ್ನು ಮುಂದಕ್ಕೆ ಎಳೆಯುತ್ತೆ.

ಹೀಗೆ ಮಟ್ಟಸವಾದ ಗಾಜಿನ ಮೇಲೆ ಎಲ್ಲ ಚೆನ್ನಾಗಿ ನಡೆಯಿತು. ಆದರೆ ಜಗತ್ತು ಮಟ್ಟಸವಾಗಿಲ್ಲವಲ್ಲ? ಧೂಳು, ಔಷಧದ ಕಣ, ಮೂಳೆಗೆ ಹಾಕುವ ಲೋಹ, ಕೀಟದ ರೆಕ್ಕೆ ಎಲ್ಲವೂ ಉಬ್ಬುತಗ್ಗು. ಹಾಗಾದರೆ ದಾರಿಯಲ್ಲಿ ಒಂದು ಉಬ್ಬು ಸಿಕ್ಕಿದರೆ ಪೊರೆ ಏನು ಮಾಡುತ್ತೆ?

ಈ ಪ್ರಶ್ನೆಗೆ ಬಹಳ ಸ್ಪಷ್ಟವಾದ ಉತ್ತರ ಬಂದಿದ್ದು 2008 ಮತ್ತು 2009ರಲ್ಲಿ. ಸೆರ್ಗಿ ಮಿಂಕೊ ಅವರ ತಂಡ, ಆಗ ನ್ಯೂಯಾರ್ಕ್ ರಾಜ್ಯದ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದಲ್ಲಿತ್ತು. ಮಿಂಕೊ ಆಮೇಲೆ ನಮ್ಮ ಕಡೆಗೇ, ಅಂದ್ರೆ ಅಟ್ಲಾಂಟಾ ಪಕ್ಕದ ಅಥೆನ್ಸ್‌ನಲ್ಲಿರುವ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಅವರು ಮಾಡಿದ್ದು ಸರಳ. ನಯವಾದ ಸಿಲಿಕಾ ಮೇಲೆ ಬೇರೆ ಬೇರೆ ಗಾತ್ರದ ಸಿಲಿಕಾ ಗೋಲಿಗಳನ್ನು ಕೂರಿಸಿದರು. ಅದರ ಮೇಲೆ ಡಿಎಂಪಿಸಿ ಎಂಬ ಒಂದೇ ಬಗೆಯ ಲಿಪಿಡ್ಡಿನ ಪೊರೆ ಹರಡಿದರು. ಆಮೇಲೆ ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪಿನ ಸೂಜಿಯಿಂದ, ಕುರುಡರು ಬ್ರೈಲ್ ಓದುವ ಹಾಗೆ, ಆ ಮೇಲ್ಮೈಯನ್ನು ಸವರಿ ಸವರಿ ಓದಿದರು.

ಸಿಕ್ಕಿದ್ದು ಮೂರು ಬೇರೆ ಬೇರೆ ನಡವಳಿಕೆ. ಉಬ್ಬು 1.2 ನ್ಯಾನೋಮೀಟರ್‌ಗಿಂತ ಚಿಕ್ಕದಿದ್ದರೆ ಪೊರೆ ಅದನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ, ಮೇಲೆ ಹಾದುಹೋಗುತ್ತೆ. ನಯವಾದ ಗೋಲಿ 22 ನ್ಯಾನೋಮೀಟರ್‌ಗಿಂತ ದೊಡ್ಡದಿದ್ದರೆ ಪೊರೆ ಅದನ್ನು ಪೂರ್ತಿ ಹೊದ್ದುಕೊಳ್ಳುತ್ತೆ. ಇವೆರಡರ ಮಧ್ಯದ ಗಾತ್ರವಾದರೆ? ಪೊರೆ ಹೊದಿಯೋದಿಲ್ಲ. ಗೋಲಿಯ ಸುತ್ತ ಒಂದು ತೂತು ಬಿಟ್ಟು ಮುಂದೆ ಹೋಗುತ್ತೆ. ನೀರುದೋಸೆಯಲ್ಲಿ ತೂತು ಬೀಳುತ್ತಲ್ಲ, ಹಾಗೆ. ಇನ್ನೂ ಒಂದು ವಿಚಾರ ಇದೆ, ಇದು ನಮಗೆ ಬಹಳ ಮುಖ್ಯ ಅನ್ನಿಸಿದ್ದು. ಗೋಲಿ ದೊಡ್ಡದೇ ಇದ್ದರೂ ಅದರ ಮೈ ಮೇಲೆ 22ಕ್ಕಿಂತ ಸಣ್ಣ ಗಂಟುಗಳಿದ್ದರೆ ಪೊರೆ ಅರ್ಧಂಬರ್ಧ ಮಾತ್ರ ಹೊದೆಯುತ್ತೆ. ಅಂದ್ರೆ ಹಲಸಿನಕಾಯಿಗೂ ಕುಂಬಳಕಾಯಿಗೂ ಗಾತ್ರ ಒಂದೇ ಆದರೂ ಪೊರೆಯ ಕಣ್ಣಿಗೆ ಅವೆರಡು ಬೇರೆ.

ಯಾಕೆ ಹೀಗೆ? ಇದಕ್ಕೆ ಮೂರು ಖರ್ಚುವೆಚ್ಚದ ಲೆಕ್ಕ ಸಾಕು. ಮೊದಲನೆಯದು ಬಾಗೋ ಖರ್ಚು. 1973ರಲ್ಲಿ ವೋಲ್ಫ್‌ಗ್ಯಾಂಗ್ ಹೆಲ್ಫ್ರಿಚ್ ಕೊಟ್ಟ ಸೂತ್ರದ ಪ್ರಕಾರ ಒಂದು ಗೋಲಿಯನ್ನು ಪೂರ್ತಿ ಸುತ್ತೋಕೆ ಪೊರೆ ತೆರಬೇಕಾದ ಶಕ್ತಿ, ಗೋಲಿ ಚಿಕ್ಕದಾಗಲಿ ದೊಡ್ಡದಾಗಲಿ, ಒಂದೇ. ವಿಚಿತ್ರ ಅನ್ನಿಸುತ್ತೆ, ಆದರೆ ನಿಜ. ಚಿಕ್ಕ ಗೋಲಿಗೆ ಜಾಸ್ತಿ ಬಾಗಬೇಕು ಆದರೆ ಕಡಿಮೆ ಜಾಗದಲ್ಲಿ. ದೊಡ್ಡದಕ್ಕೆ ಕಡಿಮೆ ಬಾಗಿದರೆ ಸಾಕು ಆದರೆ ಜಾಸ್ತಿ ಜಾಗದಲ್ಲಿ. ಎರಡೂ ಸರಿದೂಗುತ್ತವೆ. ಸಾಮಾನ್ಯ ಪೊರೆಗೆ ಈ ಖರ್ಚು, ಅಣುಗಳು ಸುಮ್ಮನೆ ಅಲ್ಲಾಡುವ ಉಷ್ಣಶಕ್ತಿಯ ಸುಮಾರು 500 ಪಟ್ಟು. ಎರಡನೆಯದು ಅಂಟಿಕೊಂಡರೆ ಸಿಗುವ ಆದಾಯ. ಇದು ಮೇಲ್ಮೈಗೆ ತಕ್ಕಂತೆ ಏರುತ್ತೆ. ಗೋಲಿಯ ಅಡ್ಡಳತೆ ಎರಡು ಪಟ್ಟಾದರೆ ಆದಾಯ ನಾಲ್ಕು ಪಟ್ಟು. ಖರ್ಚು ಅಷ್ಟೇ, ಆದಾಯ ಮಾತ್ರ ಏರ್ತಾ ಹೋಗುತ್ತೆ. ಹಾಗಾಗಿ ಯಾವುದೋ ಒಂದು ಗಾತ್ರದಲ್ಲಿ ವ್ಯಾಪಾರ ನಷ್ಟದಿಂದ ಲಾಭಕ್ಕೆ ತಿರುಗಲೇಬೇಕು. ಮೂರನೆಯದು ತೂತಿನ ಖರ್ಚು. ತೂತಿನ ಅಂಚಿನಲ್ಲಿ ಎಣ್ಣೆಯ ಬಾಲಗಳು ನೀರಿಗೆ ತೆರೆದುಕೊಳ್ಳೋ ಅಪಾಯ ಇರುತ್ತೆ, ಅದಕ್ಕೆ ಸುತ್ತಳತೆಯ ಲೆಕ್ಕದಲ್ಲಿ ದಂಡ. ಚಿಕ್ಕ ತೂತಿಗೆ ಚಿಕ್ಕ ದಂಡ. ಗೋಲಿ ಚಿಕ್ಕದಿದ್ದಾಗ ಹೊದೆಯೋ ಖರ್ಚಿಗಿಂತ ದಂಡ ಕಟ್ಟೋದೇ ಅಗ್ಗ. ಆದ್ದರಿಂದ ತೂತು. ಗೋಲಿ ತೀರಾ ಪುಟ್ಟದಾದರೆ, ಜಮಖಾನೆ ಕೆಳಗೆ ಒಂದು ರಾಗಿ ಕಾಳು ಬಿದ್ದ ಹಾಗೆ, 5 ನ್ಯಾನೋಮೀಟರ್ ದಪ್ಪದ ಪೊರೆಗೆ ಅದು ಗೊತ್ತೇ ಆಗೋದಿಲ್ಲ.

ಈಗ ನಮ್ಮ ವಾದಕ್ಕೆ ಬರೋಣ. ಐರೋಪ್ಯ ಆಯೋಗ 2011ರಲ್ಲಿ ಶಿಫಾರಸು ಮಾಡಿ 2022ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿ ನ್ಯಾನೋ ಅಂದ್ರೆ 1ರಿಂದ 100 ನ್ಯಾನೋಮೀಟರ್. ಅಮೆರಿಕದ ಎಫ್‌ಡಿಎ 2014ರ ಮಾರ್ಗಸೂಚಿಯಲ್ಲೂ ಮೊದಲು ನೋಡೋದು ಈ 1ರಿಂದ 100ನ್ನೇ. ಕಚೇರಿ ಕೆಲಸಕ್ಕೆ ಇಂಥ ಒಂದು ಗೆರೆ ಬೇಕು, ಅದನ್ನು ನಾವು ಆಕ್ಷೇಪಿಸೋದಿಲ್ಲ. ಆದರೆ ಪೊರೆ ಈ ಗೆರೆಯನ್ನು ನೋಡಿಲ್ಲ. ಮಿಂಕೊ ತಂಡದ ಪ್ರಯೋಗದಲ್ಲಿ 1, 10 ಮತ್ತು 50 ನ್ಯಾನೋಮೀಟರ್‌ನ ಮೂರು ಗೋಲಿಗಳಿಗೆ ಪೊರೆ ಕೊಡುವ ಉತ್ತರ ಮೂರು ಬೇರೆ ಬೇರೆ: ದಾಟಿಹೋಗು, ತೂತು ಬಿಡು, ಹೊದ್ದುಕೋ. ಕಾನೂನಿನ ಪುಸ್ತಕದಲ್ಲಿ ಮೂರಕ್ಕೂ ಒಂದೇ ಹೆಸರು. ಇರುವೆ, ಎಮ್ಮೆ, ಆನೆ ಮೂರನ್ನೂ ‘ಪ್ರಾಣಿ’ ಅಂತ ಬರೆದು ಬಾಗಿಲಿಗೆ ಚೀಟಿ ಅಂಟಿಸಿದರೆ ಒಳಗೆ ಹೋಗೋರಿಗೆ ಏನು ಉಪಯೋಗ ಹೇಳಿ?

ಯುರೋಪಿನಲ್ಲಿ 2013ರಿಂದ ಸೌಂದರ್ಯವರ್ಧಕಗಳ ಪಟ್ಟಿಯಲ್ಲಿ, 2014ರ ಕೊನೆಯಿಂದ ಆಹಾರದ ಪಟ್ಟಿಯಲ್ಲಿ, ನ್ಯಾನೋ ಪದಾರ್ಥ ಇದ್ದರೆ ಅದರ ಹೆಸರಿನ ಮುಂದೆ ‘ನ್ಯಾನೋ’ ಅಂತ ನಮೂದಿಸಲೇಬೇಕು. ಒಳ್ಳೆಯ ಹೆಜ್ಜೆ. ಆದರೆ ಅಲ್ಲಿಗೆ ನಿಂತಿತು. ಎಷ್ಟು ನ್ಯಾನೋಮೀಟರ್, ಮೇಲೆ ಏನು ಲೇಪ, ನುಣುಪೋ ಒರಟೋ, ಒಂದೂ ಇಲ್ಲ. ಹೆದರುವವರು ಆ ಪದ ನೋಡಿ ಹೆದರ್ತಾರೆ, ಮಾರುವವರು ಅದೇ ಪದ ಹಿಡಿದು ಮಾರ್ತಾರೆ. ತಿಳಿದುಕೊಳ್ಳಬೇಕು ಅನ್ನೋರಿಗೆ ಮಾತ್ರ ಏನೂ ಸಿಗೋದಿಲ್ಲ.

ಇಲ್ಲೊಂದು ನ್ಯಾಯವಾದ ಆಕ್ಷೇಪ ಇದೆ, ಅದನ್ನು ಮುಚ್ಚಿಡೋದು ಬೇಡ. ಗಾಜಿನ ಮೇಲಿನ ಒಂದೇ ಲಿಪಿಡ್ಡಿನ ಪೊರೆ ಎಲ್ಲಿ, ಜೀವಂತ ಕೋಶ ಎಲ್ಲಿ? ಕೋಶ ತನ್ನ ಶಕ್ತಿ ಖರ್ಚು ಮಾಡಿ ಪೊರೆಯನ್ನು ಬಾಗಿಸುತ್ತೆ, ಕಣಗಳನ್ನು ಒಳಗೆ ಎಳ್ಕೊಳ್ಳುತ್ತೆ. ರಕ್ತಕ್ಕೆ ಬಿದ್ದ ಕಣದ ಮೈಗೆ ಕ್ಷಣದಲ್ಲಿ ಪ್ರೋಟೀನ್ ಮೆತ್ತಿಕೊಂಡು ಅದರ ಗುರುತೇ ಬದಲಾಗುತ್ತೆ. ನಿಜ. 22 ಅನ್ನೋ ಸಂಖ್ಯೆ ದೇವರ ವಾಕ್ಯ ಅಲ್ಲ. ಲಿಪಿಡ್ ಬದಲಾದರೆ, ಅಂಟಿನ ಬಲ ಬದಲಾದರೆ ಅದೂ ಬದಲಾಗುತ್ತೆ. ಆದರೆ ಈ ಆಕ್ಷೇಪ ನಮ್ಮ ವಾದವನ್ನು ಇನ್ನೂ ಗಟ್ಟಿ ಮಾಡುತ್ತೆ. ಗೆರೆ ಜಾಗ ಬದಲಾಯಿಸುತ್ತೆ ಅಂದಮೇಲೆ ಪ್ರತಿ ಪದಾರ್ಥಕ್ಕೂ ಅದರದ್ದೇ ಅಳತೆ ಹೇಳಬೇಕಾದ ಅಗತ್ಯ ಇನ್ನೂ ಜಾಸ್ತಿ.

ಜೀವಂತ ಕೋಶಕ್ಕೂ ಆಕಾರ ಮುಖ್ಯ ಅಂತ ತೋರಿಸಿದ ಒಂದು ಕೆಲಸ ನಮ್ಮ ಮನೆ ಬಾಗಿಲಲ್ಲೇ ನಡೆದಿದೆ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಡಿಸಿಮೋನ್ ತಂಡ 2005ರ ಹೊತ್ತಿಗೆ ‘ಪ್ರಿಂಟ್’ ಎಂಬ ವಿಧಾನ ಕಂಡುಹಿಡಿಯಿತು. ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಿಟ್ಟು ಹುಯ್ದ ಹಾಗೆ ನ್ಯಾನೋ ಗಾತ್ರದ ಅಚ್ಚುಗಳಲ್ಲಿ ಕಣಗಳನ್ನು ಎರೆಯೋದು. ಒಂದೇ ಗಾತ್ರ, ಒಂದೇ ಆಕಾರ, ಲಕ್ಷ ಲಕ್ಷ ಕಣ. 2008ರಲ್ಲಿ ಅದೇ ತಂಡ ಹೀಲಾ ಕೋಶಗಳಿಗೆ ಎರಡು ಬಗೆಯ ಕಣ ಕೊಟ್ಟು ನೋಡಿತು: ಒಂದು 200 ನ್ಯಾನೋಮೀಟರ್ ಅಗಲ, ಅಷ್ಟೇ ಎತ್ತರದ ಗಿಡ್ಡ ಕಣ, ಇನ್ನೊಂದು 150 ಅಗಲ, 450 ಉದ್ದದ ಕಡ್ಡಿ. ಕಡ್ಡಿಯನ್ನು ಕೋಶಗಳು ಸುಮಾರು ನಾಲ್ಕು ಪಟ್ಟು ವೇಗವಾಗಿ ಒಳಗೆ ತಗೊಂಡವು. ಪದಾರ್ಥ ಅದೇ, ಆಕಾರ ಮಾತ್ರ ಬೇರೆ. ಆ ವಿಧಾನದ ಮೇಲೆ ಹುಟ್ಟಿದ ಲಿಕ್ವಿಡಿಯಾ ಕಂಪನಿ ಇರೋದು ಇದೇ ಮಾರಿಸ್‌ವಿಲ್‌ನಲ್ಲಿ. ಶ್ವಾಸಕೋಶದ ರಕ್ತದೊತ್ತಡಕ್ಕೆ ಅವರು ಮಾಡಿದ, ಉಸಿರಿನಲ್ಲಿ ಎಳೆದುಕೊಳ್ಳುವ ಪುಡಿ ಔಷಧಕ್ಕೆ 2025ರ ಮೇ ತಿಂಗಳಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಆ ಪುಡಿಯ ಕಣಗಳು ನ್ಯಾನೋ ಅಲ್ಲ, ಅದಕ್ಕಿಂತ ದೊಡ್ಡವು. ಆದರೆ ಔಷಧದ ಕಣದ ಗಾತ್ರ ಮತ್ತು ಆಕಾರವನ್ನು ಹತೋಟಿಯಲ್ಲಿಟ್ಟು, ಅಳೆದು, ದಾಖಲಿಸಿ ತೋರಿಸೋಕೆ ಆಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ಉದಾಹರಣೆ. 2024ರ ಬೇಸಗೆ ಶುರುವಿನಲ್ಲಿ ಕೆರೊಲಿನಾ, ಜಾರ್ಜಿಯಾದಲ್ಲಿದ್ದವರಿಗೆ ನೆನಪಿರುತ್ತೆ, 13 ವರ್ಷಕ್ಕೊಮ್ಮೆ ಏಳುವ ಜೀರುಂಡೆಗಳು ನೆಲದಿಂದ ಎದ್ದು ಕಿವಿ ತೂತಾಗುವಷ್ಟು ಕೂಗಿದವು. ವಾಷಿಂಗ್ಟನ್ ಕಡೆಯವರು 2021ರಲ್ಲಿ 17 ವರ್ಷದ ತಂಡವನ್ನು ಕೇಳಿದ್ದರು. ಜೀರುಂಡೆಯ ರೆಕ್ಕೆ ಸುಮ್ಮನೆ ಗಾಜಿನ ಹಾಳೆ ಥರ ಕಾಣುತ್ತೆ. ಆದರೆ 2012ರಲ್ಲಿ ಆಸ್ಟ್ರೇಲಿಯಾದ ಎಲೆನಾ ಇವನೋವಾ ತಂಡ, ಅಲ್ಲಿನ ಒಂದು ಜಾತಿಯ ಜೀರುಂಡೆಯ ರೆಕ್ಕೆ ಮೇಲೆ 200 ನ್ಯಾನೋಮೀಟರ್ ಎತ್ತರದ, ತುದಿಯಲ್ಲಿ 60 ನ್ಯಾನೋಮೀಟರ್ ಅಗಲದ ಕಂಬಗಳ ತೋಟವನ್ನೇ ಕಂಡಿತು. ಅದರ ಮೇಲೆ ಕೂತ ಸೂಡೊಮೊನಾಸ್ ಬ್ಯಾಕ್ಟೀರಿಯಾ ಕೆಲವೇ ನಿಮಿಷದಲ್ಲಿ ಸಾಯ್ತಿತ್ತು. ರಾಸಾಯನಿಕ ಇಲ್ಲ, ಔಷಧ ಇಲ್ಲ. ಅವರು ಕೊಟ್ಟ ವಿವರಣೆ ಏನಂದ್ರೆ, ಕಂಬಗಳು ಚುಚ್ಚೋದಿಲ್ಲ. ಪೊರೆ ಕಂಬದ ತಲೆಗೆ ಅಂಟಿ ಕೆಳಕ್ಕೆ ಹರಡುವಾಗ, ಎರಡು ಕಂಬದ ಮಧ್ಯೆ ತೂಗುವ ಭಾಗ ಎಳೆತಕ್ಕೆ ಸಿಕ್ಕು ಹರಿಯುತ್ತೆ. ಬೇರೆ ವಿವರಣೆಗಳೂ ಬಂದಿವೆ, ಚರ್ಚೆ ಇನ್ನೂ ನಡೀತಿದೆ. ಬೇರೆ ಜಾತಿಯ ಜೀರುಂಡೆಯಲ್ಲಿ ಕಂಬಗಳ ಅಳತೆ ಬೇರೆ, ಕೊಲ್ಲುವ ಶಕ್ತಿಯೂ ಬೇರೆ.

ಇದನ್ನು ನೋಡಿ ಮೂಳೆ ಶಸ್ತ್ರಚಿಕಿತ್ಸೆಯವರಿಗೆ ಆಸೆ ಹುಟ್ಟಿತು. ಮಂಡಿ ಬದಲಾಯಿಸುವಾಗ ಹಾಕುವ ಲೋಹದ ಮೇಲೆ ಇಂಥ ಕಂಬಗಳಿದ್ದರೆ ಸೋಂಕೇ ಆಗೋದಿಲ್ಲವಲ್ಲ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ತಂಡ ಟೈಟಾನಿಯಂ ಮೇಲೆ ನ್ಯಾನೋ ಕೆತ್ತನೆ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಅಂಟಿಕೊಂಡ ಈ. ಕೋಲೈ ಬ್ಯಾಕ್ಟೀರಿಯಾದಲ್ಲಿ ಸುಮಾರು ಶೇ. 95, ಸೂಡೊಮೊನಾಸ್‌ನಲ್ಲಿ ಸುಮಾರು ಶೇ. 98 ಸತ್ತವು. ದಪ್ಪ ಗೋಡೆಯ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಸತ್ತಿದ್ದು ಸುಮಾರು ಶೇ. 22 ಮಾತ್ರ. ನಮಗೆ ಈ ಪ್ರಬಂಧದಲ್ಲಿ ಇಷ್ಟವಾಗಿದ್ದು ಆ 22. ಯಾಕಂದ್ರೆ ಮೂಳೆಗೆ ಹಾಕಿದ ಲೋಹಕ್ಕೆ ಸೋಂಕು ತಗಲಿಸುವವರಲ್ಲಿ ಆರಿಯಸ್ ಮುಂಚೂಣಿಯಲ್ಲಿರುತ್ತೆ. ಸಂಶೋಧಕರು ಗೆದ್ದ ಸಂಖ್ಯೆಯ ಜೊತೆ ಸೋತ ಸಂಖ್ಯೆಯನ್ನೂ ಬರೆದಿದ್ದಾರೆ. ಇದೇ ವಸ್ತು ನಾಳೆ ಜಾಹೀರಾತಿಗೆ ಬಂದರೆ ಏನಾಗುತ್ತೆ ಊಹಿಸಿ. ‘ನ್ಯಾನೋ ತಂತ್ರಜ್ಞಾನ, ಶೇ. 98ರಷ್ಟು ಬ್ಯಾಕ್ಟೀರಿಯಾ ನಾಶ.’ ಸುಳ್ಳಲ್ಲ. ಆದರೆ ಊರಲ್ಲಿ ಅಪ್ಪನಿಗೋ ಅಮ್ಮನಿಗೋ ಮಂಡಿ ಆಪರೇಷನ್ ಮಾಡಿಸೋಕೆ ಇಲ್ಲಿಂದ ದುಡ್ಡು ಕಳಿಸುವ ನಮ್ಮಂಥವರಿಗೆ ಬೇಕಾದ ಸಂಖ್ಯೆ ಅದಲ್ಲ.

ಸಂಖ್ಯೆ ಕೊಟ್ಟ ಕೂಡಲೇ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ಕರ್ನಾಟಕದ ರೈತರ ಕೈಗೆ 2021ರಿಂದ ಬಂದ ಇಫ್ಕೋ ನ್ಯಾನೋ ಯೂರಿಯಾ ನೋಡಿ. ಅದರ ಕಣದ ಗಾತ್ರ 20ರಿಂದ 50 ನ್ಯಾನೋಮೀಟರ್ ಅಂತ ಹೇಳಿದ್ದಾರೆ, ಅಷ್ಟರಮಟ್ಟಿಗೆ ಮೆಚ್ಚಬೇಕು. ಆದರೆ ಮೊದಲು ಬಂದ ಅರ್ಧ ಲೀಟರ್ ಬಾಟಲಿಯಲ್ಲಿದ್ದ ಸಾರಜನಕ ಶೇ. 4, ಅಂದ್ರೆ ಸುಮಾರು 20 ಗ್ರಾಂ. ಅದು 45 ಕಿಲೋ ಚೀಲಕ್ಕೆ ಬದಲಿ ಅಂದರು. ಆ ಚೀಲದಲ್ಲಿರುವ ಸಾರಜನಕ ಸುಮಾರು 20 ಕಿಲೋ. ಸಾವಿರ ಪಟ್ಟು ಅಂತರ. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ಸಸ್ಯವಿಜ್ಞಾನಿಗಳು ‘ಪ್ಲಾಂಟ್ ಅಂಡ್ ಸಾಯಿಲ್’ ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಪ್ರಶ್ನಿಸಿದರು. ಆ ಅಂತರವನ್ನು ‘ಕಣ ಚಿಕ್ಕದು, ಎಲೆಯೊಳಗೆ ಸಲೀಸಾಗಿ ಹೋಗುತ್ತೆ’ ಅನ್ನೋ ಒಂದು ಮಾತಿನಿಂದ ತುಂಬೋಕಾಗೋದಿಲ್ಲ. ಚಿಕ್ಕದಾದ ಮಾತ್ರಕ್ಕೆ ಪೊರೆ ಒಳಗೆ ಬಿಡುತ್ತೆ ಅನ್ನೋ ನಿಯಮ ಇಲ್ಲ ಅಂತ ನಾವು ಈಗಷ್ಟೇ ನೋಡಿದೆವಲ್ಲ? ಗಾತ್ರ ಹೇಳಿದ ಮೇಲೆ ಮುಂದಿನ ಪ್ರಶ್ನೆ ಕೇಳಲೇಬೇಕು: ಆ ಗಾತ್ರದ ಕಣ ಪೊರೆಯ ಹತ್ತಿರ ಏನು ಮಾಡುತ್ತೆ, ತೋರಿಸಿದ್ದೀರಾ?

ಹಾಗಾದರೆ ನಾವು ಕೇಳ್ತಿರೋದು ಏನು? ಮೂರು ವಿಷಯ. ಒಂದು, ಗಾತ್ರ: ಸರಾಸರಿ ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಹರಡಿದೆ. ಎರಡು, ಆಕಾರ ಮತ್ತು ಒರಟುತನ: ಗೋಲಿಯೋ ಕಡ್ಡಿಯೋ, ಕುಂಬಳಕಾಯಿಯೋ ಹಲಸಿನಕಾಯಿಯೋ. ಮೂರು, ಮೇಲ್ಮೈ: ಯಾವ ಲೇಪ ಇದೆ, ಅದು ಪೊರೆಗೆ ಅಂಟುತ್ತೋ ಇಲ್ಲವೋ. ಡಬ್ಬಿ ಮೇಲೆ ಜಾಗ ಇಲ್ಲದಿದ್ದರೆ ಎಲ್ಲರೂ ತೆರೆದು ನೋಡಬಹುದಾದ ಒಂದು ಪುಟದಲ್ಲಾದರೂ ಇರಲಿ. ಬಿಸ್ಕತ್ತಿನ ಪೊಟ್ಟಣದಲ್ಲಿ ಸಕ್ಕರೆ ಎಷ್ಟು ಗ್ರಾಂ ಅಂತ ಬರೀತೀವಿ. ‘ಸಿಹಿ ಇದೆ’ ಅಂತ ಬರೆದು ಬಿಡೋದಿಲ್ಲ.

ಇದಕ್ಕೆ ಉದ್ಯಮದವರು ಕೊಡುವ ಉತ್ತರ ಗೊತ್ತೇ ಇದೆ: ಖರ್ಚು. ಚಿಕ್ಕ ಕಂಪನಿಗೆ ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪು, ಎಲೆಕ್ಟ್ರಾನ್ ಮೈಕ್ರೊಸ್ಕೋಪು ಎಲ್ಲಿಂದ ಬರಬೇಕು? ಈ ಮಾತಿನಲ್ಲಿ ಹುರುಳಿದೆ. ಆದರೆ ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2015ರಲ್ಲಿ ದೇಶದ 16 ಕಡೆ ಎಲ್ಲರಿಗೂ ತೆರೆದ ನ್ಯಾನೋ ಪ್ರಯೋಗಾಲಯಗಳ ಜಾಲ ಕಟ್ಟಿತು. ಅದರಲ್ಲೊಂದು ನಮ್ಮದೇ ರಿಸರ್ಚ್ ಟ್ರಯಾಂಗಲ್ ಜಾಲ: ಎನ್‌ಸಿ ಸ್ಟೇಟ್, ಡ್ಯೂಕ್, ಚಾಪೆಲ್ ಹಿಲ್ ಮೂರೂ ಸೇರಿ. ಹೊರಗಿನ ಕಂಪನಿ, ಚಿಕ್ಕ ಕಾಲೇಜು, ಶಾಲೆಯ ಮೇಷ್ಟ್ರು, ಯಾರು ಬೇಕಾದರೂ ಸಮಯ ಕಾದಿರಿಸಿ ಉಪಕರಣ ಬಳಸಬಹುದು. ಭಾರತದಲ್ಲಿ 2008ರಿಂದ ಬೆಂಗಳೂರಿನ ವಿಜ್ಞಾನ ಸಂಸ್ಥೆ ಮತ್ತು ಮುಂಬೈ ಐಐಟಿಯಲ್ಲಿ ಹೊರಗಿನ ಸಂಶೋಧಕರಿಗೆ ಬಾಗಿಲು ತೆರೆಯುವ ಐಎನ್‌ಯುಪಿ ಯೋಜನೆ ಶುರುವಾಯಿತು. ಇವು ಊರ ಕೆರೆ ಇದ್ದ ಹಾಗೆ. ಒಬ್ಬೊಬ್ಬರೂ ಬಾವಿ ತೋಡಿಸಬೇಕಿಲ್ಲ. ಆದರೆ ವರ್ಷಾವರ್ಷ ಹೂಳೆತ್ತಲೇಬೇಕು.

ಹೂಳೆತ್ತುವ ವಿಷಯದಲ್ಲೇ ನಮಗೆ ಆತಂಕ. ಅಮೆರಿಕದ ಆ ಜಾಲಕ್ಕೆ ಮೊದಲ ಐದು ವರ್ಷಕ್ಕೆ 81 ಮಿಲಿಯನ್ ಡಾಲರ್, 2020ರಲ್ಲಿ ಮತ್ತೆ ಐದು ವರ್ಷಕ್ಕೆ 84 ಮಿಲಿಯನ್ ಸಿಕ್ಕಿತ್ತು. ಆ ಲೆಕ್ಕ 2025ಕ್ಕೆ ಮುಗಿಯಿತು. ಅದೇ 2025ರಲ್ಲಿ ವಿಜ್ಞಾನ ಪ್ರತಿಷ್ಠಾನದ ಬಜೆಟ್ಟನ್ನು ಅರ್ಧಕ್ಕಿಂತ ಜಾಸ್ತಿ ಕಡಿಯುವ ಪ್ರಸ್ತಾಪ ಶ್ವೇತಭವನದಿಂದ ಬಂತು. ಪ್ರಸ್ತಾಪವೇ ಕಾನೂನಲ್ಲ, ನಿಜ. ಆದರೂ ಇಂಥ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳೋದು ಯಾವುದಕ್ಕೆ? ‘ಗಾಜಿನ ಮೇಲೆ ಕೊಬ್ಬು ಹೇಗೆ ಹರಡುತ್ತೆ’ ಅನ್ನೋಂಥ ಶೀರ್ಷಿಕೆಗಳಿಗೇ. ಓದಿದರೆ ನಗು ಬರುತ್ತಲ್ಲ, ಅದಕ್ಕೆ. ಇಲ್ಲೇ ಡ್ಯೂಕ್‌ನಲ್ಲಿ 2008ರಲ್ಲಿ ಶುರುವಾದ ಪರಿಸರ ನ್ಯಾನೋ ಕೇಂದ್ರ, ಡ್ಯೂಕ್ ಕಾಡಿನಲ್ಲಿ ಪುಟ್ಟ ಪುಟ್ಟ ಜೌಗುತೊಟ್ಟಿಗಳನ್ನು ಮಾಡಿ ಬೆಳ್ಳಿಯ ನ್ಯಾನೋಕಣ ಹಾಕಿದರೆ ಗಿಡಕ್ಕೆ, ಮೀನಿಗೆ, ಮಣ್ಣಿನ ಸೂಕ್ಷ್ಮಜೀವಿಗೆ ಏನಾಗುತ್ತೆ ಅಂತ ನೋಡಿತು. ಬೆವರು ವಾಸನೆ ಬಾರದ ಕಾಲುಚೀಲಕ್ಕೆ ಬೆಳ್ಳಿ ಕಣ ಹಾಕಿ ಮಾರುವವರು ಈ ಕೆಲಸ ಮಾಡೋದಿಲ್ಲ. ಮಾಡಬೇಕಾದ್ದು ಸಾರ್ವಜನಿಕ ದುಡ್ಡು, ಸಾರ್ವಜನಿಕರಿಗೋಸ್ಕರ.

ನ್ಯಾನೋ ಅಂದರೆ ವಿಷ ಅನ್ನೋರ ಜೊತೆ ನಾವಿಲ್ಲ. 2020ರ ಕೊನೆಯಲ್ಲಿ ಬಂದ ಎಂಆರ್‌ಎನ್‌ಎ ಲಸಿಕೆಗಳು ನಮ್ಮ ತೋಳಿನ ಕೋಶಗಳೊಳಗೆ ಹೋಗಿದ್ದು ಸುಮಾರು 100 ನ್ಯಾನೋಮೀಟರ್‌ನ ಲಿಪಿಡ್ ಕಣಗಳಲ್ಲೇ. ಪೊರೆಯ ಭಾಷೆ ಗೊತ್ತಿದ್ದರಿಂದಲೇ ಅದು ಸಾಧ್ಯವಾಯಿತು. ನ್ಯಾನೋ ಅಂದರೆ ಮಂತ್ರದಂಡ ಅನ್ನೋರ ಜೊತೆಗೂ ನಾವಿಲ್ಲ. ಐದು ನ್ಯಾನೋಮೀಟರ್ ದಪ್ಪದ ಒಂದು ಪೊರೆ ಪ್ರತಿ ಉಬ್ಬಿನ ಮುಂದೆಯೂ ನಿಂತು ಲೆಕ್ಕ ಹಾಕುತ್ತೆ: ದಾಟಲೋ, ತೂತು ಬಿಡಲೋ, ಹೊದೆಯಲೋ. ಲೆಕ್ಕ ಹಾಕದೆ ಸಹಿ ಹಾಕೋದು ನಾವು ಮಾತ್ರ.

ಆದ್ದರಿಂದ ಮುಂದಿನ ಸಲ ಕ್ರೀಮು, ಕಾಲುಚೀಲ, ನೀರಿನ ಫಿಲ್ಟರು, ಗೊಬ್ಬರ ಯಾವುದರ ಮೇಲೇ ಆಗಲಿ ‘ನ್ಯಾನೋ’ ಅಂತ ಕಂಡರೆ ತಯಾರಕರಿಗೆ ಒಂದು ಸಾಲು ಬರೆಯಿರಿ: ಎಷ್ಟು ನ್ಯಾನೋಮೀಟರ್, ಯಾವ ಆಕಾರ, ಮೇಲೆ ಏನಿದೆ? ಉತ್ತರ ಬಂದರೆ ನಮಗೂ ಕಳಿಸಿ, ಓದಿ ಹೇಳ್ತೀವಿ. ಬರದಿದ್ದರೆ ಅದನ್ನೂ ತಿಳಿಸಿ, ಅದೂ ಒಂದು ಮಾಹಿತಿಯೇ. ಮನೆಯಲ್ಲಿ ಹೈಸ್ಕೂಲ್ ಓದುವ ಮಕ್ಕಳಿದ್ದರೆ ಫ್ರಾಂಕ್ಲಿನ್ ಮಾಡದೆ ಬಿಟ್ಟ ಆ ಭಾಗಾಕಾರವನ್ನು ಅವರ ಕೈಲಿ ಮಾಡಿಸಿ. ಒಂದು ಚಮಚ, 20 ಗುಂಟೆ, ಒಂದು ಅಣು. ನ್ಯಾನೋ ಅಂದ್ರೆ ಏನು ಅಂತ ಅವರಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗೋದಿಲ್ಲ.